ಹೊಳೆಯಿಳಿದವನು ಮರಳಿದ ಬಗೆ

ಪ್ರವಾಸದ ಬರಹಗಳಲ್ಲಿ ಬಹುದಿನಗಳಿಂದ ನನಗೊಂದು ಕೊರತೆ ಕಾಣುತ್ತಿದ್ದಿತು. ಹೋದವರು ತಾವು ಹೋದ ಬಗೆಯನ್ನು ಸವಿಸ್ತಾರವಾಗಿ ಬಣ್ಣಿಸುವರು. ಮರಳಿದ ಬಗೆಯನ್ನು ಮಾತ್ರ ಕೊನೆಯ ಒಂದು ಸಾಲಿನಲ್ಲಿ ಮುಗಿಸಿಬಿಡುವರು. ‘ದೀಪ ಹಚ್ಚುವ ವೇಳೆಗೆ ಊರು ಸೇರಿದೆವು’ ಎಂದು ಬರೆದರೆ ಅವರ ಹೊರೆ ಇಳಿದಂತೆ. ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಹೋಗಿಬಂದವರಿಗೆ ಅಷ್ಟು ಸಾಕು. ಅವರಿಗೆ ಹೋದ ದಾರಿಯೇ ಬರುವ ದಾರಿ. ಹೊಳೆಯ ಮೇಲೆ ತೇಲಿಹೋದವನ ಸಂಗತಿ ಹಾಗಲ್ಲ. ಹೊಳೆಯು ಹರಿಯುವುದು ಒಂದೇ ಕಡೆಗೆ. ಅದು ಕರೆದುಕೊಂಡು ಹೋಗುತ್ತದೆ, ಹಿಂದಕ್ಕೆ ತಂದುಬಿಡುವುದಿಲ್ಲ. ಈ ಸಣ್ಣ ಸಂಗತಿ ಐದನೆಯ ತರಗತಿಯ ಹುಡುಗನಿಗೂ ಗೊತ್ತಿರುವುದೇ. ಆದರೂ ಅದನ್ನು ಮನದಟ್ಟುಮಾಡಿಕೊಳ್ಳಲು ನನಗೆ ಒಂದು ರಾತ್ರಿಯ ಒಂಬತ್ತು ಕಿಲೋಮೀಟರು ನಡಿಗೆ ಬೇಕಾಯಿತು. ಆ ಕಥೆಯನ್ನೇ ಈಗ ವಾಚಕರ ಮುಂದಿಡುತ್ತಿದ್ದೇನೆ.

ಗಂಗಾಮೂಲದಲ್ಲಿ ಹುಟ್ಟಿದ ತುಂಗೆಯೂ ಭದ್ರೆಯೂ ಮಲೆನಾಡಿನಲ್ಲಿ ಬೇರೆಬೇರೆಯಾಗಿ ಸುತ್ತಾಡಿ, ಶಿವಮೊಗ್ಗೆಗೆ ಸುಮಾರು 15 ಕಿಲೋಮೀಟರು ದೂರದ ಕೂಡಲಿಯಲ್ಲಿ ಒಂದಾಗುತ್ತವೆ. ಅಲ್ಲಿಂದ ಮುಂದೆ ತುಂಗಭದ್ರೆಯೆಂಬ ಜೋಡು ಹೆಸರಿನಿಂದ ಸುಮಾರು 531 ಕಿಲೋಮೀಟರು ಹರಿದು ಕೃಷ್ಣೆಯನ್ನು ಸೇರುತ್ತವೆ. ಕೂಡಲಿಯು ಹಳೆಯ ಕ್ಷೇತ್ರ. ಸಂಗಮೇಶ್ವರ, ರಾಮೇಶ್ವರ, ನರಸಿಂಹ ದೇವಾಲಯಗಳ ನೆರಳಿನಲ್ಲಿ ಎರಡು ನೀರುಗಳು ಕೂಡುವುದನ್ನು ನೋಡುತ್ತ ಕುಳಿತವನಿಗೆ ಹೊತ್ತು ಹೋದುದೇ ತಿಳಿಯುವುದಿಲ್ಲ. ಹಾಗೆ ಕುಳಿತಿದ್ದ ಒಂದು ದಿನವೇ ನನಗೆ ಈ ಹುಚ್ಚು ಹತ್ತಿದುದು. ಈ ನೀರು ಮುಂದಿನ ತಿರುವಿನ ಆಚೆ ಹೇಗಿರುವುದೋ, ಒಬ್ಬನೇ ಇದರ ಮೇಲೆ ತೇಲುತ್ತ, ಗಾಳ ಹಾಕುತ್ತ, ಒಂದು ಹಗಲು ಕಳೆದರೆ ಹೇಗಿರುವುದೋ ಎಂಬ ಆಸೆ ಮೊಳೆತು, ತಿಂಗಳೊಳಗಾಗಿ ಮರವಾಯಿತು.

ಗಾಳಿ ತುಂಬಿ ಹಿಗ್ಗಿಸುವ ಒಂದು ರಬ್ಬರು ದೋಣಿಯನ್ನು ಕೊಂಡೆನು. ಗಾಳಿ ತೆಗೆದರೆ ಅದು ಹಾಸಿಗೆಯ ಸುರುಳಿಯಷ್ಟಾಗುತ್ತದೆ. ಗಾಳ ಹಾಕಲು ಬೇಕಾದ ಪರವಾನಿಗೆಯನ್ನು ಪಡೆದೆನು. ನನ್ನ ಹೆಂಡತಿ ತೇಲುವ ಅಂಗಿಯೊಂದನ್ನು ತಾನೇ ತರಿಸಿ, “ಇದನ್ನು ತೊಟ್ಟುಕೊಳ್ಳದಿದ್ದರೆ ಹೋಗುವುದೇ ಬೇಡ” ಎಂದಳು. “ಸಂಜೆ ಎಷ್ಟು ಹೊತ್ತಿಗೆ ಬರುವಿರಿ?” ಎಂದು ಕೇಳಿದಳು. “ದೀಪ ಹಚ್ಚುವುದರೊಳಗೆ” ಎಂದೆನು. “ಹೇಗೆ ಬರುವಿರಿ?” ಎಂದು ಮತ್ತೆ ಕೇಳಿದಳು. “ಯಾವುದಾದರೂ ಬಸ್ಸೋ ಲಾರಿಯೋ ಸಿಕ್ಕೀತು” ಎಂದುಬಿಟ್ಟೆನು. ಆಕೆ ಕೇಳಿದ ಎರಡನೆಯ ಪ್ರಶ್ನೆಯೇ ಮುಖ್ಯವಾದುದೆಂದು ಆಗ ನನಗೆ ಹೊಳೆಯಲಿಲ್ಲ.

ಡಿಸೆಂಬರು ತಿಂಗಳ ಒಂದು ಭಾನುವಾರ ಬೆಳಗ್ಗೆ ಹೊರಟೆನು. ಕ್ಷೇತ್ರದ ನೀರಿನಲ್ಲಿ ಗಾಳ ಹಾಕುವುದು ಸಲ್ಲದೆಂದು ಕೂಡಲಿಯನ್ನು ದಾಟಿ, ಕೆಲವು ಮೈಲಿ ಕೆಳಗಿನ ಒಂದು ಹಳ್ಳಿಯ ಹೊಳೆದಂಡೆಯಲ್ಲಿ ಕಾರನ್ನು ನಿಲ್ಲಿಸಿದೆನು. ದೋಣಿಗೆ ಗಾಳಿ ತುಂಬಿ ನೀರಿಗಿಳಿಸಿ, ರಬ್ಬರಿಗೆ ಮಣ್ಣಾಗದಿರಲೆಂದು ಚಪ್ಪಲಿಗಳನ್ನು ಕಾರಿನ ಪಕ್ಕದ ಕಲ್ಲಿನ ಮೇಲೆ ಒಪ್ಪವಾಗಿ ಜೋಡಿಸಿಟ್ಟೆನು. ಈ ಚಪ್ಪಲಿಗಳನ್ನು ವಾಚಕರು ನೆನಪಿಟ್ಟುಕೊಳ್ಳಬೇಕು.

ಹೊಳೆಯ ಮೇಲಿನ ಆ ಹಗಲನ್ನು ಹೇಗೆ ಹೇಳಲಿ! ಮಳೆಗಾಲದ ಕೆಂಪು ಪೂರ್ತಿಯಾಗಿ ಇಳಿದು, ನೀರು ತಿಳಿಯಾಗಿದ್ದಿತು. ಒಂದು ದಡದಲ್ಲಿ ಅಡಕೆಯ ತೋಟ, ಇನ್ನೊಂದರಲ್ಲಿ ಕೊಯ್ಲಾದ ಗದ್ದೆ. ಬಂಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿಕೊಂಡು ಒದ್ದೆಬಟ್ಟೆಯಂತೆ ಒಣಗುತ್ತಿದ್ದುವು. ಮಿಂಚುಳ್ಳಿಯೊಂದು ನನಗಿಂತ ಮೊದಲೇ ಮೀನು ಹಿಡಿದು ಹಾರಿಹೋಯಿತು. ದಡದ ಮೇಲೆ ನಡೆಯುವವನಿಗೆ ಹೊಳೆಯು ಒಂದು ನೋಟ. ತೇಲುವವನಿಗೆ ಅದೇ ಮನೆ. ಆಳವಾದ ಮಡುಗಳಲ್ಲಿ ನೀರು ನಿಂತೇ ಇರುವಂತೆ ತೋರುವುದು. ಕಲ್ಲುಗಳ ನಡುವೆ ಬಂದೊಡನೆ ಹಗುರವಾದ ದೋಣಿಯನ್ನು ಎಲೆಯಂತೆ ಎತ್ತಿಕೊಂಡು ಓಡುವುದು. ಮಧ್ಯಾಹ್ನ ಬುತ್ತಿಯ ಚಿತ್ರಾನ್ನವನ್ನು ದೋಣಿಯಲ್ಲಿಯೇ ಉಂಡೆನು. ಮೂರು ಗಂಟೆಯ ಸುಮಾರಿಗೆ ಒಂದು ಮಡುವಿನಲ್ಲಿ ಮೊಳದುದ್ದದ ಬಾಳೆಮೀನು ಗಾಳಕ್ಕೆ ಬಿದ್ದಿತು. ಅದರ ಮೀಸೆಯನ್ನೂ ಬೆಳ್ಳಿಯಂತಹ ಹೊಟ್ಟೆಯನ್ನೂ ಕಣ್ತುಂಬ ನೋಡಿ, ಫೋನಿನಲ್ಲಿ ನಾಲ್ಕಾರು ಚಿತ್ರ ತೆಗೆದು, ನೀರಿಗೆ ಬಿಟ್ಟುಬಿಟ್ಟೆನು. ಆ ಚಿತ್ರಗಳೊಡನೆ ಫೋನಿನ ಜೀವವೂ ಮುಗಿಯಿತು.

ಹೊಳೆಯಲ್ಲಿ ದೂರವನ್ನು ಅಳೆಯುವುದು ಕಷ್ಟ. ಮುಂದಿನ ತಿರುವಿನಲ್ಲಿಯೇ ನಾನು ಇಳಿಯಬೇಕೆಂದುಕೊಂಡಿದ್ದ ಹಳ್ಳಿಯೆಂದು ಪ್ರತಿಯೊಂದು ತಿರುವಿನಲ್ಲಿಯೂ ಅಂದುಕೊಂಡೆನು. ಐದು ಗಂಟೆಯಾಯಿತು. ಎದುರುಗಾಳಿ ಎದ್ದಿತು. ಗಾಳಿ ತುಂಬಿದ ದೋಣಿಗೆ ಎದುರುಗಾಳಿಯಂತಹ ಶತ್ರುವಿಲ್ಲ. ಹುಟ್ಟು ಹಾಕಿ ಹಾಕಿ ತೋಳು ಸೋತುಹೋಯಿತು. ಆರು ಗಂಟೆಗೆ ಸೂರ್ಯನು ಅಡಕೆಮರಗಳ ಹಿಂದೆ ಇಳಿದನು. ನೀರೂ ದಡವೂ ಒಂದೇ ಬಣ್ಣವಾದುವು. ಆಗ ನನಗೆ ಮೊದಲ ಬಾರಿಗೆ ಹೆದರಿಕೆಯಾಯಿತು. ಕತ್ತಲೆಯಲ್ಲಿ ಬಂಡೆಗಳು ಕಾಣವು. ಮರಳು ತೆಗೆದು ಬಿಟ್ಟ ಗುಂಡಿಗಳು ಎಲ್ಲಿವೆಯೋ ತಿಳಿಯದು. ಮೇಲೆ ತುಂಗೆಗೆ ಗಾಜನೂರಿನಲ್ಲಿ, ಭದ್ರೆಗೆ ಲಕ್ಕವಳ್ಳಿಯಲ್ಲಿ ಅಣೆಕಟ್ಟುಗಳಿವೆ. ನೀರು ಬಿಡುವರೇ ಇಲ್ಲವೇ ಎಂದು ಯಾರನ್ನೂ ನಾನು ವಿಚಾರಿಸಿರಲಿಲ್ಲ. ಒಂದು ದೀಪ ಕಂಡ ಕಡೆಗೆ ದೋಣಿಯನ್ನು ತಿರುಗಿಸಿದೆನು.

ಅದು ಹೊಳೆಯಂಚಿನ ಗುಡಿಸಲು. ಅದರ ಮುಂದೆ ಬೋರಲಾಗಿ ಇಟ್ಟ ಹರಿಗೋಲು. ಈ ಕಡೆಯ ಜನ ಅದನ್ನು ತೆಪ್ಪವೆನ್ನುತ್ತಾರೆ. ಬಲೆಯ ಹರಕನ್ನು ಹೆಣೆಯುತ್ತಿದ್ದ ಒಬ್ಬ ಮುದುಕನು ತಲೆಯೆತ್ತಿದನು.

“ಯಾರಪ್ಪಾ ಅದು, ಹೊತ್ತಲ್ಲದ ಹೊತ್ತಿನಲ್ಲಿ?”

“ದಾರಿ ತಪ್ಪಿದವನು ಅಜ್ಜ.”

“ಹೊಳೇಲಿ ದಾರಿ ತಪ್ಪೋದು ಹೆಂಗೆ ಸ್ವಾಮಿ? ಇರೋದೇ ಒಂದು ದಾರಿ.”

ನನ್ನ ಕಥೆಯನ್ನು ಕೇಳಿ ಆತನು ನಗಲಿಲ್ಲ. ಅಷ್ಟರಮಟ್ಟಿಗೆ ಆತನು ದೊಡ್ಡವನು. ನಾನು ಇಳಿಯಬೇಕಾಗಿದ್ದ ಹಳ್ಳಿಯನ್ನು ದಾಟಿ ಬಂದುಬಿಟ್ಟಿದ್ದೆನು. ಅದಕ್ಕಿಂತ ಕೆಟ್ಟ ಸುದ್ದಿಯೆಂದರೆ ನಾನು ಹತ್ತಿದ ದಡವೇ ಬೇರೆ, ಕಾರು ನಿಂತಿದ್ದ ದಡವೇ ಬೇರೆ. ಈ ದಡದ ಕೊನೆಯ ಬಸ್ಸು ಐದೂವರೆಗೇ ಹೊರಟುಹೋಗಿದ್ದಿತು. ಮುದುಕನ ಬಳಿ ಫೋನು ಇರಲಿಲ್ಲ. ಇದ್ದಿದ್ದರೂ ಪ್ರಯೋಜನವಿರುತ್ತಿರಲಿಲ್ಲ; ಏಕೆಂದರೆ ಹದಿನೆಂಟು ವರ್ಷ ಸಂಸಾರಮಾಡಿದ ಹೆಂಡತಿಯ ಫೋನಿನ ಸಂಖ್ಯೆಯು ನನಗೆ ಬಾಯಿಗೆ ಬರುತ್ತಿರಲಿಲ್ಲವೆಂಬುದನ್ನು ನಾನು ಆ ಗಳಿಗೆಯಲ್ಲಿ ಕಂಡುಕೊಂಡೆನು.

“ಇಳಿಯೋವಾಗ ಹೊಳೆ ಬಾಡಿಗೆ ಕೇಳೋದಿಲ್ಲ ಸ್ವಾಮಿ. ಏರೋ ಬಾಡಿಗೇನ ಕಾಲು ಕೊಡಬೇಕು” ಎಂದು ಹೇಳುತ್ತ ಆತನು ತೆಪ್ಪವನ್ನು ನೀರಿಗೆ ಹಾಕಿದನು. ನನ್ನ ದೋಣಿಯನ್ನು ತನ್ನ ಗುಡಿಸಲಿನಲ್ಲಿಯೇ ಇಟ್ಟುಕೊಂಡನು. ಆಚೆಯ ದಡದಲ್ಲಿ ಇಳಿಸಿ, ಕಾಲುವೆಯ ಏರಿಯ ಮೇಲಿನ ದಾರಿಯನ್ನು ತೋರಿಸಿದನು. ಹೊಳೆಯ ಮೇಲೆ ನಾನು ಬಂದುದು ಹದಿನಾಲ್ಕು ಕಿಲೋಮೀಟರಿಗೆ ಕಡಮೆಯಿಲ್ಲ. ಆದರೆ ಹೊಳೆ ಬಳಸಿ ಬಂದಲ್ಲಿ ಏರಿಯು ನೇರವಾಗಿ ಹೋಗುವುದರಿಂದ ನಡೆಯಬೇಕಾದುದು ಒಂಬತ್ತು ಮಾತ್ರ ಎಂದು ಆತನ ಮಾತಿನಿಂದ ಲೆಕ್ಕಹಾಕಿದೆನು. ಹೊರಡುವಾಗ ನನ್ನ ಬರಿಗಾಲನ್ನು ನೋಡಿ ತನ್ನ ಚಪ್ಪಲಿಗಳನ್ನು ಬಿಟ್ಟುಕೊಟ್ಟನು. “ಅಜ್ಜ, ನೀವು?” ಎಂದರೆ, “ನಾನು ಮನೇಲಿದೀನಲ್ಲ” ಎಂದನು.

ಆ ಚಪ್ಪಲಿಗಳು ನನ್ನ ಕಾಲಿಗೆ ಒಂದಂಗುಲ ಸಣ್ಣವು. ಮೊದಲಿನ ಎರಡು ಮೈಲಿ ನನಗೆ ಸ್ವಲ್ಪ ನಗುವೇ ಬರುತ್ತಿದ್ದಿತು. ಮನೆಯಲ್ಲಿ ಹೇಗೆ ಹೇಳಬೇಕೆಂದು ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆನು. ಅನಂತರ ಹಿಮ್ಮಡಿ ಉಜ್ಜಿ ಗಾಯವಾಯಿತು, ಮಾತು ನಿಂತಿತು. ಎರಡು ಬೈಕುಗಳು ಹಾದುಹೋದುವು. ತೇಲುವ ಅಂಗಿ ತೊಟ್ಟು ಕತ್ತಲೆಯಲ್ಲಿ ಕುಂಟುತ್ತಿರುವವನನ್ನು ಕಂಡು ಯಾರು ನಿಲ್ಲಿಸಿಯಾರು?

ಒಂಬತ್ತು ಗಂಟೆಯ ಹೊತ್ತಿಗೆ ಹಳ್ಳಿ ಸಮೀಪಿಸಿತು. ಹೊಳೆದಂಡೆಯಲ್ಲಿ ಬೆಳಕೋ ಬೆಳಕು. ಯಾವುದೋ ದೇವರ ತೆಪ್ಪೋತ್ಸವವಿರಬೇಕೆಂದುಕೊಂಡೆನು. ಹತ್ತಿರ ಹೋದಾಗ ತಿಳಿಯಿತು, ಅವರು ಹುಡುಕುತ್ತಿದ್ದುದು ನನ್ನನ್ನು.

ಸಂಜೆ ದನ ಹೊಡೆದುಕೊಂಡು ಬಂದ ಹುಡುಗನೊಬ್ಬನು ಖಾಲಿ ಕಾರನ್ನೂ ಅದರ ಪಕ್ಕದಲ್ಲಿ ಒಪ್ಪವಾಗಿ ಜೋಡಿಸಿಟ್ಟ ಚಪ್ಪಲಿಗಳನ್ನೂ ಕಂಡಿದ್ದನು. ಹೊಳೆದಂಡೆಯ ಜನಕ್ಕೆ ಆ ಎರಡು ವಸ್ತುಗಳ ಅರ್ಥ ಒಂದೇ. ಕಾರಿನ ಗಾಜಿಗೆ ಅಂಟಿಸಿದ್ದ ಚೀಟಿಯಲ್ಲಿ ನನ್ನ ಹೆಂಡತಿಯ ಫೋನಿನ ಸಂಖ್ಯೆಯಿದ್ದಿತು. ನಮ್ಮ ಮನೆಯಲ್ಲಿ ತಪ್ಪದೆ ಫೋನು ಎತ್ತುವವಳು ಅವಳೇ ಆದುದರಿಂದ ಆ ಸಂಖ್ಯೆಯನ್ನೇ ಬರೆದಿದ್ದೆವು. ಏಳು ಗಂಟೆಗೆ ಅವರು ಅವಳಿಗೆ ತಿಳಿಸಿದ್ದರು. ಮಗಳನ್ನು ನೆರೆಮನೆಯಲ್ಲಿ ಬಿಟ್ಟು, ಆಟೋ ಮಾಡಿಕೊಂಡು ಅವಳು ಬಂದಿದ್ದಳು. ಇಬ್ಬರು ತರುಣರು ತೆಪ್ಪದಲ್ಲಿ ಮಡುವನ್ನು ಜಾಲಾಡುತ್ತಿದ್ದರು. ಮತ್ತೊಬ್ಬನು ಮೂರು ಬಾರಿ ಮುಳುಗು ಹಾಕಿ, ಆ ಚಳಿಯಲ್ಲಿ ಕಂಬಳಿ ಹೊದೆದು ನಡುಗುತ್ತ ಬೆಂಕಿಯ ಮುಂದೆ ಕುಳಿತಿದ್ದನು.

ನಾನು ಬೆಳಕಿನೊಳಕ್ಕೆ ಬಂದು ನಿಂತೆನು. ಯಾರೂ ಮಾತನಾಡಲಿಲ್ಲ. ಊರಿನ ಹಿರಿಯರೊಬ್ಬರು, “ಬದುಕಿದ್ದೀರಲ್ಲ, ಅಷ್ಟು ಸಾಕು. ನೀವು ಮನೆಗೆ ಹೊರಡಿ” ಎಂದರು. ಕಂಬಳಿ ಹೊದೆದ ತರುಣನ ಮುಖವನ್ನು ನೋಡಲು ನನಗೆ ಧೈರ್ಯವಾಗಲಿಲ್ಲ. ನನ್ನ ಹೆಂಡತಿ ಕಲ್ಲಿನ ಮೇಲೆ ಕುಳಿತಿದ್ದಳು. ನನ್ನ ಚಪ್ಪಲಿಗಳು ಅವಳ ಮಡಿಲಿನಲ್ಲಿದ್ದುವು. ಅವಳು ಎದ್ದು ಬಂದು, ಅವುಗಳನ್ನು ನನ್ನ ಕಾಲ ಬಳಿ ಇಟ್ಟು, “ಹಾಕಿಕೊಳ್ಳಿ” ಎಂದಳು. ಮನೆ ಸೇರುವವರೆಗೆ ಬೇರೆ ಮಾತಿರಲಿಲ್ಲ.

ಮುಂದಿನ ಭಾನುವಾರ ಮುದುಕನ ಚಪ್ಪಲಿಗಳನ್ನು ಹಿಂದಿರುಗಿಸಲೂ ದೋಣಿಯನ್ನು ತರಲೂ ಹೋದೆನು. ಹೆಂಡತಿಯೂ ಜತೆಗೆ ಬಂದಳು. ಬೆಳಗಿನ ಮಂಜಿನಲ್ಲಿ ದೊಡ್ಡ ಆಮೆಯೊಂದು ಎರಡು ಕಾಲಿನ ಮೇಲೆ ಎದ್ದು ದಡದಲ್ಲಿ ನಡೆದು ಹೋಗುತ್ತಿರುವಂತೆ ಕಂಡಿತು. ಅದು ತೆಪ್ಪವನ್ನು ತಲೆಯ ಮೇಲೆ ಬೋರಲು ಹೊತ್ತ ನಮ್ಮ ಅಜ್ಜನೇ. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ತೊಗಲನ್ನೂ ಈಗ ಡಾಂಬರು ಬಳಿದ ಪ್ಲಾಸ್ಟಿಕ್ಕು ಚೀಲವನ್ನೂ ಹೊದಿಸುವ ಈ ಗುಂಡು ದೋಣಿಯ ಗುಣವೇ ಅದು; ನೀರಿನಲ್ಲಿ ಅದು ಮನುಷ್ಯನನ್ನು ಹೊರುವುದು, ನೆಲದ ಮೇಲೆ ಮನುಷ್ಯನು ಅದನ್ನು ಹೊರುವನು. “ಎಲ್ಲಿಗೆ ಅಜ್ಜ?” ಎಂದೆನು. “ಮೇಲಕ್ಕೆ. ತಂಪು ಹೊತ್ತಿನಲ್ಲಿ ಎರಡು ಹರದಾರಿ ಹೊತ್ತುಕೊಂಡು ಹೋಗಿಬಿಟ್ಟರೆ, ಆಮೇಲೆ ಬಲೆ ಬೀಸಿಕೊಂಡು ಮೆಲ್ಲಗೆ ಇಳಿದು ಬರೋದು. ತೆಪ್ಪ ನಿಲ್ಲೋ ಹೊತ್ತಿಗೆ ಗುಡಿಸಲು ಎದುರಿಗಿರುತ್ತೆ” ಎಂದನು. ಸ್ವಲ್ಪ ತಡೆದು, ನನ್ನ ಹೆಂಡತಿಯ ಕಡೆಗೆ ತಿರುಗಿ, “ಮೊದಲು ನಡೆಯೋದು, ಆಮೇಲೆ ತೇಲೋದು ತಾಯಿ. ಸ್ವಾಮಿಯವರು ಹಿಂದುಮುಂದು ಮಾಡಿಕೊಂಡರು” ಎಂದನು.

ಇಷ್ಟೇ ವಿದ್ಯೆ. ಇದನ್ನು ಅರಿತ ಮೇಲೆ ಪುಸ್ತಕಗಳನ್ನು ತಿರುವಿ ನೋಡಿದರೆ, ಲೋಕದಲ್ಲಿ ಹೊಳೆಯಿಳಿದವರೆಲ್ಲರಿಗೂ ಇದೇ ಚಿಂತೆಯಿದ್ದುದು ಕಂಡುಬರುತ್ತದೆ. ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬಾಬಿಲೋನಿನ ದೋಣಿಗಳನ್ನು ಕುರಿತು ಬರೆದಿದ್ದಾನೆ. ಅವು ನಮ್ಮ ಹರಿಗೋಲಿನ ಅಣ್ಣತಮ್ಮಂದಿರು. ಮರದ ಬರಲುಗಳ ಚೌಕಟ್ಟು, ಮೇಲೆ ತೊಗಲಿನ ಹೊದಿಕೆ, ಗುರಾಣಿಯಂತೆ ಗುಂಡಾದ ಆಕಾರ. ಆರ್ಮೀನಿಯದಿಂದ ಸರಕು ಹೇರಿಕೊಂಡು ನದಿಯಲ್ಲಿ ಇಳಿದುಬರುವ ಪ್ರತಿಯೊಂದು ದೋಣಿಯಲ್ಲಿಯೂ ಒಂದು ಕತ್ತೆಯಿರುತ್ತಿದ್ದಿತಂತೆ! ಬಾಬಿಲೋನಿನಲ್ಲಿ ಸರಕನ್ನೂ ಚೌಕಟ್ಟಿನ ಮರವನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ಅವರು ನೆಲದ ದಾರಿಯಿಂದ ಊರಿಗೆ ಮರಳುತ್ತಿದ್ದರು. ಏಕೆಂದರೆ ಆ ಸೆಳೆತದಲ್ಲಿ ಏರುವುದು ಸಾಧ್ಯವಿರಲಿಲ್ಲ. ಆ ಕತ್ತೆಯನ್ನು ಹೊರಡುವಾಗಲೇ ದೋಣಿಗೆ ಹತ್ತಿಸಿಕೊಂಡವನು ನನಗಿಂತ ಎಷ್ಟೋ ಜಾಣ.

ಅಮೆರಿಕದಲ್ಲಿಯೂ ಹಾಗೆಯೇ. 19ನೆಯ ಶತಮಾನದ ಆರಂಭದಲ್ಲಿ ಒಹಾಯೊ ಮಿಸ್ಸಿಸಿಪಿ ನದಿಗಳಲ್ಲಿ ಚಪ್ಪಟೆ ದೋಣಿಗಳ ಮೇಲೆ ಧಾನ್ಯವನ್ನು ಇಳಿಸಿ ತಂದ ರೈತರು, ದೋಣಿಯನ್ನೇ ಸೌದೆಮರವಾಗಿ ಮಾರಿ, ನ್ಯಾಚೆಜ್ ಊರಿನಿಂದ ನ್ಯಾಶ್‌ವಿಲ್ಲಿನವರೆಗೆ ಸುಮಾರು 700 ಕಿಲೋಮೀಟರು ಕಾಡುದಾರಿಯಲ್ಲಿ ನಡೆದು ಹೋಗುತ್ತಿದ್ದರು. ಮುಂದೆ ಅಧ್ಯಕ್ಷನಾದ ಅಬ್ರಹಾಂ ಲಿಂಕನ್ನನೂ 1828ರಲ್ಲಿ ಇಂಥ ದೋಣಿಯೊಂದರಲ್ಲಿ ನ್ಯೂ ಆರ್ಲಿಯನ್ಸಿಗೆ ಇಳಿದುಹೋದವನು. ಅಷ್ಟು ಹೊತ್ತಿಗೆ ಹೊಗೆದೋಣಿಗಳು ಬಂದಿದ್ದುದರಿಂದ ಅದರಲ್ಲಿ ಮರಳಿದನು. ನಮ್ಮ ತುಂಗಭದ್ರೆಯ ಮೇಲೆಯೇ, ವಿಜಯನಗರಕ್ಕೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸನು ಆನೆಗೊಂದಿಯ ಕಡೆಗೆ ಜನರನ್ನು ದಾಟಿಸುವ ಬುಟ್ಟಿಯಂಥ ತೊಗಲು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಐನೂರು ವರ್ಷವಾದರೂ ಅಜ್ಜನ ತಲೆಯ ಮೇಲಿನ ಬುಟ್ಟಿಯ ಆಕಾರ ಬದಲಾಗಿಲ್ಲ.

ಕರಾವಳಿಯ ಅಳಿವೆಗಳಲ್ಲಿ ಮಾತ್ರ ಪ್ರಕೃತಿಯು ಮರಳುವ ಬಾಡಿಗೆಯನ್ನೂ ತಾನೇ ಕೊಡುತ್ತದೆ. ಕುಮಟೆಯ ಬಳಿಯ ಅಘನಾಶಿನಿಯಂಥ ಹೊಳೆಯ ಬಾಯಲ್ಲಿ ಇಳಿತದ ನೀರಿನೊಡನೆ ಕಡಲ ಕಡೆಗೆ ಹೋದ ದೋಣಿಯನ್ನು, ಸುಮಾರು ಆರು ಗಂಟೆಯ ಅನಂತರ ಉಬ್ಬರದ ನೀರು ಹಿಂದಕ್ಕೆ ತಂದುಬಿಡುತ್ತದೆ. ಒಳನಾಡಿನವರಿಗೆ ಆ ಭಾಗ್ಯವಿಲ್ಲ.

ಆದುದರಿಂದ ನನ್ನಂತೆ ಒಬ್ಬರೇ ಹೊಳೆಯಿಳಿಯಲು ಮನಸ್ಸುಳ್ಳವರಿಗೆ ಅನುಭವದ ನಾಲ್ಕು ಮಾತುಗಳನ್ನು ಹೇಳುತ್ತೇನೆ. ವಾಹನವನ್ನು ಇಳಿಯುವ ಊರಿನಲ್ಲಿ ನಿಲ್ಲಿಸಬೇಕು, ಹತ್ತುವ ಊರಿನಲ್ಲಲ್ಲ. ದೋಣಿಯನ್ನು ಸುರುಳಿ ಸುತ್ತಿ ಬೆಳಗಿನ ಬಸ್ಸಿನಲ್ಲಿ ಮೇಲಕ್ಕೆ ಹೋಗಬೇಕು. ಆಗ ಮರಳುವ ಶ್ರಮವು ಮೊದಲೇ ತೀರಿ, ಹೊಳೆಯೇ ನಿಮ್ಮನ್ನು ವಾಹನದ ಮುಂದೆ ಇಳಿಸುತ್ತದೆ. ಬಸ್ಸಿಲ್ಲದ ಕಡೆ ಕೆಳಗಿನ ದಂಡೆಯಲ್ಲಿ ಪರಿಚಿತರ ಮನೆಯಲ್ಲಿ ಒಂದು ಸೈಕಲನ್ನಾದರೂ ಇಟ್ಟಿರಬೇಕು. ರಸ್ತೆ ಯಾವ ದಡದಲ್ಲಿದೆ, ಸೇತುವೆ ಎಲ್ಲಿದೆಯೆಂಬುದನ್ನು ಹಿಂದಿನ ದಿನವೇ ಕಣ್ಣಾರೆ ನೋಡಿ, ಇಳಿಯುವ ಸ್ಥಳದಲ್ಲಿ ನೀರಿನಿಂದ ಕಾಣುವಂತೆ ಒಂದು ಬಣ್ಣದ ಬಟ್ಟೆಯನ್ನು ಕಟ್ಟಿಬರಬೇಕು. ಅಣೆಕಟ್ಟಿನಿಂದ ನೀರು ಬಿಡುವರೇ ಎಂದು ವಿಚಾರಿಸಬೇಕು. ಮೀನು ಕಚ್ಚಲಿ ಬಿಡಲಿ, ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲೇ ದಡ ಸೇರುವ ಲೆಕ್ಕವಿರಬೇಕು. ವಾಹನದೊಳಗೆ ಹೊರಗಿನಿಂದ ಓದುವಂತೆ, ‘ಇಂಥವನು, ಇಂಥ ಹೊತ್ತಿಗೆ, ಇಂಥ ಕಡೆಯಿಂದ ದೋಣಿಯಲ್ಲಿ ಬರುತ್ತಿದ್ದೇನೆ’ ಎಂದು ಒಂದು ಚೀಟಿಯನ್ನಿಡಬೇಕು. ಮನೆಯ ಫೋನಿನ ಸಂಖ್ಯೆಯನ್ನು ಮಗ್ಗಿಯಂತೆ ಬಾಯಿಪಾಠಮಾಡಿರಬೇಕು.

ಮರಳುವ ದಾರಿಯೆಂಬುದು ಹೋಗುವವನೊಬ್ಬನ ಸಂಗತಿಯಲ್ಲ, ಅದು ಕಾಯುವವರದು. ಅದನ್ನು ಅಣಿಮಾಡದೆ ಹೊರಡುವವನು ತನ್ನ ಹೊರೆಯನ್ನು ಮನೆಯವರ ಮೇಲೆಯೂ ಗುರುತಿಲ್ಲದ ಊರಿನವರ ಮೇಲೆಯೂ ಹೊರಿಸಿ ಹೋಗುತ್ತಾನೆ. ಮೂರು ಬಾರಿ ಮುಳುಗು ಹಾಕಿದ ಆ ತರುಣನಿಗೆ ಒಂದು ಕಂಬಳಿಯನ್ನು ಕೊಂಡುಹೋಗಿ ಕೊಟ್ಟೆನು. ಆತನು ಸಂಕೋಚದಿಂದ ತೆಗೆದುಕೊಂಡು, “ಮತ್ತೆ ಯಾವಾಗ ಬರ್ತೀರಿ ಸಾರ್? ಮೊದಲೇ ಹೇಳಿ” ಎಂದು ನಕ್ಕನು.

ಅನಂತರವೂ ಹೋಗಿದ್ದೇನೆ. ಕಾರನ್ನು ಅಜ್ಜನ ಗುಡಿಸಲಿನ ಎದುರು ದಡದಲ್ಲಿ ನಿಲ್ಲಿಸುತ್ತೇನೆ. ಬೆಳಗಿನ ಬಸ್ಸಿನಲ್ಲಿ ಮೇಲಕ್ಕೆ ಹೋಗುತ್ತೇನೆ. ನಾಲ್ಕು ಗಂಟೆಗೆ ಕೊನೆಯ ತಿರುವನ್ನು ದಾಟಿದೊಡನೆ ಮರಕ್ಕೆ ಕಟ್ಟಿದ ಕೆಂಪು ಬಟ್ಟೆ ಕಾಣುತ್ತದೆ. ಅದು ನನ್ನ ಹೆಂಡತಿಯ ಹಳೆಯ ಸೀರೆಯ ಸೆರಗು, ಅವಳೇ ಹರಿದುಕೊಟ್ಟದ್ದು. ಚಪ್ಪಲಿಗಳು ಮಾತ್ರ ಈಗ ದೋಣಿಯಲ್ಲಿಯೇ ನನ್ನೊಡನೆ ಬರುತ್ತವೆ. ರಬ್ಬರಿಗೆ ಮಣ್ಣಾದರೆ ಆಗಲಿ.